ಆಯಿಯ ಕೋಣೆಗೆ ಗಾಳಿ ಎಲ್ಲಿಂದ ನುಗ್ಗುತ್ತಿದೆ? ಶಿರಸಿ ಕಡೆಯ ಹಂಚಿನ ಮನೆ, ಚಳಿಗೆ ಉಪಾಯ ಹೇಳಿ

ತೋಟದಂಚಿನ ಮಾಣಿ · ಡಿಸೆಂಬರ್ 18, ರಾತ್ರಿ 10:52

ನಮ್ಮದು ಶಿರಸಿ ಪೇಟೆಯಿಂದ 18 ಕಿಲೋಮೀಟರ್ ಒಳಗೆ ಹಳೆ ಹಂಚಿನ ಮನೆ. ಅಜ್ಜ ಕಟ್ಟಿಸಿದ್ದು. ಮಣ್ಣಿನ ಗೋಡೆ, ಮಂಗಳೂರು ಹಂಚು, ಎದುರಿಗೆ ಕೆಳಗಡೆ ತೋಟ, ಬೆನ್ನಿಗೆ ಬೆಟ್ಟ. ಆಯಿಗೆ, ಅಂದರೆ ಅಮ್ಮನಿಗೆ, ಈಗ 79. ಅವಳ ಕೋಣೆ ಮನೆಯ ಹಿಂಬದಿಗೆ, ಬೆಟ್ಟದ ಕಡೆ. ರಾತ್ರಿ ಹನ್ನೆರಡರವರೆಗೆ ಹೇಗೋ ನಡೆಯುತ್ತದೆ. ಬೆಳಗಿನ ಜಾವ ಮೂರೂವರೆ ಆಗುತ್ತಿದ್ದಂತೆ ಎದ್ದು ಕೂರುತ್ತಾಳೆ. ಕಾಲು ಕೊರೆಯುತ್ತದೆ, ಬೆನ್ನಿಗೆ ಯಾರೋ ಒದ್ದೆ ಬಟ್ಟೆ ತಾಗಿಸಿದ ಹಾಗೆ ಆಗುತ್ತದೆ ಅನ್ನುತ್ತಾಳೆ.

ಕಿಟಕಿಗೆ ದಪ್ಪ ಪರದೆ ಹಾಕಿಸಿದೆ. ಪ್ರಯೋಜನ ಇಲ್ಲ. ಹೋದ ವಾರ 1000 ವ್ಯಾಟಿನ ಗಾಳಿ ಊದುವ ಹೀಟರ್ ತಂದೆ. ಉರಿಯುವಷ್ಟು ಹೊತ್ತು ಮುಖಕ್ಕೆ ಬಿಸಿ, ಕಾಲಿಗೆ ತಂಪು. ಬಂದ್ ಮಾಡಿ ಹತ್ತು ನಿಮಿಷಕ್ಕೆ ಮೊದಲಿನ ಹಾಗೇ. ಇನ್ನೂ ದೊಡ್ಡ ಹೀಟರ್ ತರಲಾ, ಇಲ್ಲಾ ಥರ್ಮೊಕೋಲ್ ಹಾಕಿ ಫಾಲ್ಸ್ ಸೀಲಿಂಗ್ ಮಾಡಿಸಲಾ?

ಕೋಣೆ ಬದಲಿಸಿ ಅಂತ ಮಾತ್ರ ಹೇಳಬೇಡಿ. ಆ ಕಿಟಕಿಯಿಂದ ಕೊಟ್ಟಿಗೆ ಕಾಣುತ್ತದೆ. ಅದನ್ನು ಬಿಟ್ಟು ಆಯಿ ಬರುವುದಿಲ್ಲ.

ಕಡಲತಡಿ ಕಾರವಾರ · ರಾತ್ರಿ 11:04

ಚಳಿ ಅಂದ್ರೆ ಎಂಥದ್ದು ಮಾರಾಯ್ರೆ? ನಾನೀಗ ಫ್ಯಾನ್ 3ರಲ್ಲಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಆಯಿಯನ್ನು ಎರಡು ತಿಂಗಳು ಕಾರವಾರಕ್ಕೆ ಕಳಿಸಿ. ಮೀನಿನ ವಾಸನೆ ತಡೆದುಕೊಂಡರೆ ಆಯಿತು.

ಘಾಟಿ ಮೇಲಿನವ ಜೋಯಿಡಾ · ರಾತ್ರಿ 11:10

ಶಿರಸಿಯವರು ಚಳಿ ಬಗ್ಗೆ ಮಾತಾಡುವುದೇ ತಮಾಷೆ. ನಮ್ಮಲ್ಲಿ ಬೆಳಿಗ್ಗೆ ಬೈಕಿನ ಸೀಟು ಒರೆಸಿದರೆ ಬಟ್ಟೆ ಹಿಂಡಬೇಕು.

ತೋಟದಂಚಿನ ಮಾಣಿ · ರಾತ್ರಿ 11:12

ಇಬ್ಬರಿಗೂ ಕೈ ಮುಗಿದೆ. ಉಪಾಯ ಇದ್ದರೆ ಹೇಳಿ.

ಹಲಗೆ ಮತ್ತು ಉಳಿ · ಡಿಸೆಂಬರ್ 19, ಬೆಳಿಗ್ಗೆ 6:20

ನಾನು ಬಡಗಿ. ಸಿದ್ದಾಪುರ, ಶಿರಸಿ ಕಡೆ ಹಳೆ ಮನೆ ರಿಪೇರಿ ಮಾಡಿ ಇಪ್ಪತ್ತೆರಡು ವರ್ಷ ಆಯಿತು. ದೊಡ್ಡ ಹೀಟರ್ ತರಬೇಡಿ ಮಾಣಿ. ಯಾಕೆ ಅಂತ ಹೇಳುತ್ತೇನೆ.

ಬಿಸಿ ಗಾಳಿ ಹಗುರ. ಅದು ಮೇಲೆ ಹೋಗುತ್ತದೆ. ಮೇಲೆ ನಿಮಗೆ ಇರುವುದು ಹಂಚು. ಒಂದರ ಮೇಲೊಂದು ಕೂತಿದೆ, ಅಷ್ಟೇ. ಮಳೆ ನೀರು ಒಳಗೆ ಬರುವುದಿಲ್ಲ, ಆದರೆ ಗಾಳಿ ಆರಾಮವಾಗಿ ಓಡಾಡುತ್ತದೆ. ಮೇಲಿನಿಂದ ಎಷ್ಟು ಗಾಳಿ ಹೊರಗೆ ಹೋಯಿತೋ ಅಷ್ಟೇ ಗಾಳಿ ಕೆಳಗಿನಿಂದ ಒಳಗೆ ಬರಲೇಬೇಕು. ಹೊಗೆಗೂಡು ಎಳೆಯುವುದು ಹೀಗೆಯೇ ಅಲ್ವಾ? ನೀವು ಹೀಟರ್ ಹಾಕಿದಾಗ ಇಡೀ ಕೋಣೆಯೇ ಹೊಗೆಗೂಡು. ಬಿಸಿ ಜಾಸ್ತಿ ಮಾಡಿದಷ್ಟೂ ಬಾಗಿಲ ಕೆಳಗಿನಿಂದ ಎಳೆತ ಜಾಸ್ತಿ. ಮುಖಕ್ಕೆ ಬಿಸಿ, ಕಾಲಿಗೆ ತಂಪು ಅಂದಿರಲ್ಲ, ಅದು ಇದೇ.

ಮೊದಲು ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ ಹುಡುಕಿ. ಖರ್ಚು ಒಂದು ಊದುಬತ್ತಿ. ಆಯಿಗೆ ತೊಂದರೆ ಆಗುವ ಹೊತ್ತಿಗೇ, ಬೆಳಗಿನ ಜಾವವೇ ಮಾಡಿ. ಫ್ಯಾನ್ ಬಂದ್, ಬಾಗಿಲು ಬಂದ್. ಬತ್ತಿ ಹಚ್ಚಿ ಗೋಡೆಯ ಅಂಚಿಗೆ ನಿಧಾನ ಸರಿಸುತ್ತಾ ಹೋಗಿ. ಹೊಗೆ ನೆಟ್ಟಗೆ ಏಳುತ್ತಿದ್ದರೆ ಅಲ್ಲಿ ಏನೂ ಇಲ್ಲ. ನಿಮ್ಮ ಕಡೆ ಬಾಗಿದರೆ ಗಾಳಿ ಒಳಗೆ ಬರುತ್ತಿದೆ, ಗೋಡೆಯ ಕಡೆ ಎಳೆದರೆ ಹೊರಗೆ ಹೋಗುತ್ತಿದೆ. ಕಿಟಕಿಯೊಂದನ್ನೇ ನೋಡಬೇಡಿ. ಎಲ್ಲರೂ ಮೊದಲು ಬೈಯುವುದು ಕಿಟಕಿಗೇ. ಗೋಡೆಯ ತಲೆ ನೋಡಿ, ಪಕಾಸು (ಹಂಚು ಹೊರುವ ಓರೆ ಮರ) ಗೋಡೆಯ ಮೇಲೆ ಕೂರುವ ಜಾಗ. ಹೊಸ್ತಿಲು ನೋಡಿ. ವಯರ್ ಎಳೆಯಲು ಕೊರೆದ ತೂತು ನೋಡಿ.

ಹಳೇ ಕಾಲದವ · ಬೆಳಿಗ್ಗೆ 7:45

ಇಷ್ಟೆಲ್ಲ ಯಾಕೆ? ಬಚ್ಚಲ ಒಲೆಯ ಕೆಂಡ ಒಂದು ಅಗ್ಗಿಷ್ಟಿಕೆಗೆ ಹಾಕಿ ಮಂಚದ ಪಕ್ಕ ಇಡಿ, ಬಾಗಿಲು ಹಾಕಿ. ಬೆಳಗಿನವರೆಗೆ ಬೆಚ್ಚಗೆ. ನಮ್ಮ ಮನೆಯಲ್ಲಿ ಎಷ್ಟು ಬಾಣಂತನ ಹಾಗೆ ಆಗಿದೆ.

ನೈಟ್ ಡ್ಯೂಟಿ ಸಿಸ್ಟರ್ · ಬೆಳಿಗ್ಗೆ 8:01

ದಯವಿಟ್ಟು ಇದನ್ನು ಮಾಡಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಇಲ್ಲದ ಕೆಂಡ ಸುರಕ್ಷಿತ ಅಂದುಕೊಳ್ಳುವುದೇ ತಪ್ಪು. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಹೊಟ್ಟೆ ತೊಳಸುವುದು, ಮಂಪರು. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ, ನಿದ್ದೆಯಲ್ಲೇ ಹೋಗಿಬಿಡುತ್ತಾರೆ.

ಹಳೇ ಕಾಲದವ · ಬೆಳಿಗ್ಗೆ 8:15

ಹಾಗಾದರೆ ನಮ್ಮ ಅಜ್ಜಿಯರು, ಅಮ್ಮಂದಿರು ಎಲ್ಲ ಹೇಗೆ ಉಳಿದರು ಸಿಸ್ಟರ್? ಸುಮ್ನೆ ಹೆದರಿಸಬೇಡಿ.

ನೈಟ್ ಡ್ಯೂಟಿ ಸಿಸ್ಟರ್ · ಬೆಳಿಗ್ಗೆ 8:22

ಅವರನ್ನು ಉಳಿಸಿದ್ದು ಹಂಚಿನ ಸಂದಿ. ಇವರು ಈಗ ಆ ಸಂದಿಯನ್ನೇ ಮುಚ್ಚಲು ಹೊರಟಿದ್ದಾರೆ. ಗಾಳಿ ಬರುವ ಕೋಣೆಯಲ್ಲಿ ಕೆಂಡ ಇಟ್ಟು ಬದುಕಿದವರು ಗಾಳಿ ಮುಚ್ಚಿದ ಕೋಣೆಯಲ್ಲಿ ಬದುಕುವುದಿಲ್ಲ. ನಾನು ಅಂಥ ಕೇಸ್ ಕಣ್ಣಾರೆ ನೋಡಿದ್ದೇನೆ. ಬಾಗಿಲು ಹಾಕಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸುವುದೂ ಇದೇ ಕಥೆ.

ಹಲಗೆ ಮತ್ತು ಉಳಿ · ಬೆಳಿಗ್ಗೆ 8:40

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಬರೆಯಬೇಕಿತ್ತು, ಮರೆತೆ. ಸಂದಿ ಮುಚ್ಚಿದ ಮೇಲೆ ಕೋಣೆಯಲ್ಲಿ ಬೆಂಕಿ ಬೇಡ. ಬತ್ತಿಯ ದೀಪವೂ ರಾತ್ರಿಯೆಲ್ಲ ಬೇಡ.

ಹಳೇ ಕಾಲದವ · ಬೆಳಿಗ್ಗೆ 9:02

ಸರಿ ಬಿಡಿ. ಹಂಚಿನ ಸಂದಿ ಅಂದ ಮೇಲೆ ನನಗೂ ಹೌದು ಅನಿಸಿತು. ನಮ್ಮ ಬಾಣಂತಿ ಕೋಣೆಯ ಹಂಚಿನಲ್ಲಿ ಹಗಲಿಗೆ ಬೆಳಕಿನ ಚುಕ್ಕೆ ಕಾಣುತ್ತಿತ್ತು. ನಾವು ಮಕ್ಕಳು ಮಲಗಿ ಅದನ್ನೇ ಎಣಿಸುತ್ತಿದ್ದೆವು.

ಮೀಟರ್ ಬೋರ್ಡ್ · ಬೆಳಿಗ್ಗೆ 9:30

ವಯರಿಂಗ್ ಕೆಲಸದವನು ನಾನು. ಲೆಕ್ಕ ಸುಲಭ. 1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ರಾತ್ರಿ 8 ಗಂಟೆ ಉರಿಸಿದರೆ 8 ಯೂನಿಟ್, ತಿಂಗಳಿಗೆ 240. ಎಣ್ಣೆ ತುಂಬಿದ ಹೀಟರ್ ಕರೆಂಟ್ ಕಡಿಮೆ ತಿನ್ನುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ನಂಬಬೇಡಿ. ಯಾವ ಹೀಟರ್ ಆದರೂ ಒಂದು ಯೂನಿಟ್ಟಿಗೆ ಕೊಡುವ ಬಿಸಿ ಒಂದೇ. ಎಣ್ಣೆಯದ್ದು ಸದ್ದು ಮಾಡುವುದಿಲ್ಲ, ಬಂದ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ. ವ್ಯತ್ಯಾಸ ಅಷ್ಟೇ.

2000 ವ್ಯಾಟಿನದ್ದು ತರುವ ಯೋಚನೆ ಇದ್ದರೆ ಮೊದಲು ಪ್ಲಗ್ ನೋಡಿ. ಅದು ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಳೆ ಮನೆಯಲ್ಲಿ ಮರದ ಪಟ್ಟಿಯ ಮೇಲೆ ಓಡಿದ ವಯರು, 5 ಆಂಪಿಯರ್ ಪ್ಲಗ್. ಅದರಲ್ಲಿ ಎಕ್ಸ್‌ಟೆನ್ಶನ್ ಹಾಕಿ ಹೀಟರ್ ಉರಿಸಿದರೆ ಕೋಣೆ ಬೆಚ್ಚಗಾಗುವ ಮೊದಲು ಗೋಡೆ ಬೆಚ್ಚಗಾಗುತ್ತದೆ. ಒಂದು ಮನೆಯಲ್ಲಿ ಪ್ಲಗ್ಗಿನ ಹಿಂದಿನ ಹಲಗೆ ಕಾಫಿ ಬಣ್ಣಕ್ಕೆ ತಿರುಗಿದ್ದು ನೋಡಿದೆ. ಅವರಿಗೆ ಗೊತ್ತೇ ಇರಲಿಲ್ಲ.

ನನ್ನ ಕೇಳಿದರೆ ಕೋಣೆ ಬಿಸಿ ಮಾಡುವುದು ಬಿಟ್ಟು ಹಾಸಿಗೆ ಬಿಸಿ ಮಾಡಿ. ಕರೆಂಟಿನ ಹಾಸುಗಂಬಳಿ ಬರುತ್ತದೆ. 100 ವ್ಯಾಟ್ ಅಂದುಕೊಂಡರೂ 8 ಗಂಟೆಗೆ ಒಂದು ಯೂನಿಟ್ ಮುಟ್ಟುವುದಿಲ್ಲ.

ನೈಟ್ ಡ್ಯೂಟಿ ಸಿಸ್ಟರ್ · ಬೆಳಿಗ್ಗೆ 9:48

ಮಲಗುವ ಮೊದಲು ಅರ್ಧ ಗಂಟೆ ಹಾಕಿ, ಆಮೇಲೆ ತೆಗೆಯಿರಿ. ಮಡಚಿ ಇಡಬಾರದು, ಒದ್ದೆ ಆಗಬಾರದು. ಆಯಿಗೆ ಸಕ್ಕರೆ ಕಾಯಿಲೆ ಇದೆಯಾ? ಇದ್ದರೆ ಬಿಸಿನೀರಿನ ರಬ್ಬರ್ ಚೀಲ ಕಾಲಿಗೆ ನೇರ ತಾಗಿಸಬೇಡಿ. ಕಾಲಿನ ಸ್ಪರ್ಶ ಕಡಿಮೆಯಾಗಿರುತ್ತದೆ, ಸುಟ್ಟದ್ದು ಬೆಳಿಗ್ಗೆಯೇ ಗೊತ್ತಾಗುವುದು. ದಪ್ಪ ಟವೆಲ್ ಸುತ್ತಿ, ಆಯಿ ಮಲಗುವ ಮೊದಲು ಹಾಸಿಗೆಯಲ್ಲಿ ಇಟ್ಟು ತೆಗೆಯಿರಿ.

ವಯಸ್ಸಾದವರಿಗೆ ನಡುಕವೂ ಸರಿಯಾಗಿ ಬರುವುದಿಲ್ಲ. ನಡುಗುತ್ತಿಲ್ಲ ಅಂದರೆ ಚಳಿಯಿಲ್ಲ ಅಂತಲ್ಲ. ತಲೆಗೆ ಟೊಪ್ಪಿ, ಕಾಲಿಗೆ ಕಾಲುಚೀಲ ಹಾಕಿಸಿ.

ತೋಟದಂಚಿನ ಮಾಣಿ · ಬೆಳಿಗ್ಗೆ 10:15

ಸಕ್ಕರೆ ಇಲ್ಲ, ಪುಣ್ಯ. ಟೊಪ್ಪಿ ಹಾಕಲು ಒಪ್ಪುವುದಿಲ್ಲ. ಸೆರಗನ್ನೇ ತಲೆಗೆ ಸುತ್ತಿಕೊಳ್ಳುತ್ತಾಳೆ.

ಯಲ್ಲಾಪುರದ ಅಕ್ಕ · ಬೆಳಿಗ್ಗೆ 11:00

ತಮಾ, ಮಂಚ ಎಂಥದ್ದು? ಪಟ್ಟಿ ಹೊಡೆದದ್ದಾ, ಹಲಗೆಯದ್ದಾ? ಎಲ್ಲರೂ ಮೈಮೇಲೆ ಕಂಬಳಿ ಹೇರುತ್ತಾರೆ. ಕೆಳಗೆ ಏನಿದೆ ನೋಡುವವರಿಲ್ಲ. ಮಲಗಿದಾಗ ಮೈಭಾರಕ್ಕೆ ಹತ್ತಿ ಒತ್ತಿ ಚಪ್ಪಟೆ ಆಗುತ್ತದೆ, ಒಳಗೆ ಗಾಳಿ ನಿಲ್ಲುವುದಿಲ್ಲ. ಮಂಚದಡಿ ಹರಿಯುವ ತಂಪು ಸೀದಾ ಬೆನ್ನಿಗೆ. ಬೆನ್ನಿಗೆ ಒದ್ದೆ ಬಟ್ಟೆ ತಾಗಿಸಿದ ಹಾಗೆ ಅಂತ ನಿಮ್ಮ ಆಯಿ ಹೇಳಿದ್ದು ಇದನ್ನೇ. ಹಾಸಿಗೆಯಡಿ ಎರಡು ಗೋಣಿಚೀಲ, ಅದರ ಮೇಲೆ ಹಳೆ ಪೇಪರ್ ಹತ್ತು ಪದರ, ಹಾಸಿಗೆಯ ಮೇಲೆ ಕಂಬಳಿ. ಮೇಲೆ ಇನ್ನೆರಡು ಹೊದೆಯುವುದಕ್ಕಿಂತ ಕೆಳಗೆ ಒಂದು ಮೇಲು.

ನಮ್ಮ ಮನೆಯಲ್ಲಿ ಸಿದ್ದಿ ಹೆಂಗಸರು ಹೊಲಿದ ಕೌದಿ ಇದೆ. ನಮ್ಮದೇ ಹಳೆ ಸೀರೆ, ಧೋತರ ಕೊಟ್ಟಿದ್ದೆವು. ಮೂಲೆಯಲ್ಲಿ ನನ್ನ ಮದುವೆಯ ರವಕೆಯ ತುಂಡೂ ಇದೆ. ಅದರ ಭಾರವೇ ಒಂದು ಸುಖ.

ಘಾಟಿ ಮೇಲಿನವ ಜೋಯಿಡಾ · ಬೆಳಿಗ್ಗೆ 11:12

ಅಕ್ಕ ಹೇಳಿದ್ದಕ್ಕೆ ನನ್ನದೂ ಓಟು. ಕೌದಿಯ ಮುಂದೆ ಅಂಗಡಿಯ ನುಣ್ಣನೆ ಬ್ಲಾಂಕೆಟ್ ಏನೂ ಅಲ್ಲ, ರಾತ್ರಿ ಜಾರಿ ಬೀಳುತ್ತದೆ. ಉಣ್ಣೆಯದ್ದು ಬೇಕಂದರೆ ಮುಂಡಗೋಡಿನ ಟಿಬೆಟಿಯನ್ ಕ್ಯಾಂಪ್ ಕಡೆ ಹೋಗಿ ಬನ್ನಿ. ಅವರು 1966ರಿಂದ ಅಲ್ಲಿದ್ದಾರೆ, ಚಳಿಯ ಬಗ್ಗೆ ನಮಗೇನು ಗೊತ್ತು ಅವರ ಮುಂದೆ.

ಕಡಲತಡಿ ಕಾರವಾರ · ಬೆಳಿಗ್ಗೆ 11:20

ಹಿಮಾಲಯ ಬಿಟ್ಟು ಮುಂಡಗೋಡಿಗೆ ಬಂದವರಿಗೆ ಸೆಕೆಯೇ ಕಷ್ಟ ಆಗಿರಬೇಕು!

ಕುಮಟಾ ಕಾಂಕ್ರೀಟ್ · ಮಧ್ಯಾಹ್ನ 1:05

ಇಷ್ಟೆಲ್ಲ ತೇಪೆ ಹಾಕುವ ಬದಲು ಆ ಒಂದು ಕೋಣೆಗೆ ಸ್ಲ್ಯಾಬ್ ಹಾಕಿಸಿ. ಸಂದಿಯೇ ಇರುವುದಿಲ್ಲ. ಹಳೆ ಮನೆ ಅಂತ ಭಾವುಕ ಆಗಿ ಎಷ್ಟು ದಿನ?

ಹಲಗೆ ಮತ್ತು ಉಳಿ · ಮಧ್ಯಾಹ್ನ 1:40

ಮಣ್ಣಿನ ಗೋಡೆಯ ಮೇಲೆ ಸ್ಲ್ಯಾಬ್ ಕೂರಿಸುತ್ತೀರಾ? ಅದಕ್ಕೆ ಕಂಬ ಎಬ್ಬಿಸಬೇಕು, ಪಾಯ ತೋಡಬೇಕು. ಆಯಿ ಅಷ್ಟು ದಿನ ಎಲ್ಲಿ ಮಲಗಬೇಕು?

ಕುಮಟಾ ಕಾಂಕ್ರೀಟ್ · ಮಧ್ಯಾಹ್ನ 1:52

ನಮ್ಮ ಸ್ಲ್ಯಾಬ್ ಮನೆಯಲ್ಲಿ ರಾತ್ರಿ ಪೂರ್ತಿ ಬೆಚ್ಚಗಿರುತ್ತದೆ. ಅನುಭವದ ಮಾತು.

ಹಲಗೆ ಮತ್ತು ಉಳಿ · ಮಧ್ಯಾಹ್ನ 2:10

ಕುಮಟಾದಲ್ಲಿ! ಹಗಲಿಡೀ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿ ಬಿಡುತ್ತದೆ. ಏಪ್ರಿಲ್‌ನಲ್ಲಿ ಇದೇ ಮಾತು ಹೇಳಿ ನೋಡೋಣ. ಬೆಟ್ಟದ ನೆರಳಿನ ಕೋಣೆಗೆ ಬಿಸಿಲು ಬೀಳುವುದೇ ಹನ್ನೊಂದಕ್ಕೆ. ದಪ್ಪ ಮಣ್ಣಿನ ಗೋಡೆ ಕೆಟ್ಟದ್ದಲ್ಲ. ಬಿಸಿಯನ್ನೂ ನಿಧಾನ ಹಿಡಿಯುತ್ತದೆ, ನಿಧಾನ ಬಿಡುತ್ತದೆ. ತೊಂದರೆ ಇರುವುದು ಸಂದಿಯಲ್ಲಿ.

ಬೆಂಗಳೂರಿನ ಕೂಸು · ಮಧ್ಯಾಹ್ನ 2:35

ನೆಲದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಪ್ಪಯ್ಯ ಸಿದ್ದಾಪುರದ ಮನೆಯ ಸಗಣಿ ನೆಲ ತೆಗೆಸಿ ಹೊಳೆಯುವ ಟೈಲ್ಸ್ ಹಾಕಿಸಿದರು. ನನಗೇ ಖುಷಿಯಾಗಿತ್ತು. ಮೊದಲ ಜನವರಿಯಲ್ಲೇ ಎಲ್ಲರೂ ಹಿಮ್ಮಡಿ ಮೇಲೆ ನಡೆಯತೊಡಗಿದೆವು. ಟೈಲ್ಸ್ ಬೇರೆಯದಕ್ಕಿಂತ ತಂಪಾಗಿರುವುದಿಲ್ಲ, ಕಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ ಅಂತ ತಮ್ಮ ಪಾಠ ಮಾಡಿದ. ಪಾಠ ಕೇಳಿ ಕಾಲು ಬೆಚ್ಚಗಾಗಲಿಲ್ಲ. ಈಗ ಮಂಚದಿಂದ ಬಚ್ಚಲ ಬಾಗಿಲವರೆಗೆ ಚಾಪೆ ಹಾಸಿದೆ. ಚಾಪೆ ಜಾರದ ಹಾಗೆ ಅಂಚಿಗೆ ರಬ್ಬರ್ ಹೊಲಿಸಿ. ಅಜ್ಜಿ ಜಾರಿ ಬಿದ್ದ ಮೇಲೆ ಕಲಿತದ್ದು.

ತೋಟದಂಚಿನ ಮಾಣಿ · ಮಧ್ಯಾಹ್ನ 3:00

ನಮ್ಮದು ಕೆಂಪು ಗಾರೆ ನೆಲ. ಚಾಪೆ ಹಾಸುತ್ತೇನೆ. ಥರ್ಮೊಕೋಲ್ ಸೀಲಿಂಗ್ ಬಗ್ಗೆ ಯಾರಾದರೂ ಹೇಳಿ. ನಾಳೆ ಒಬ್ಬರು ಅಳತೆಗೆ ಬರುತ್ತಾರೆ.

ಹಲಗೆ ಮತ್ತು ಉಳಿ · ಮಧ್ಯಾಹ್ನ 3:20

ಬರಬೇಡಿ ಅನ್ನಿ. ಥರ್ಮೊಕೋಲ್ ಬಿಸಿ ತಡೆಯುತ್ತದೆ, ಸುಳ್ಳಲ್ಲ. ಆದರೆ ನಿಮ್ಮ ಮನೆಯಲ್ಲಿ ಹಳೆ ವಯರು ಅದರ ಮೇಲೇ ಓಡುತ್ತದೆ. ಬೆಂಕಿ ತಾಗಿದರೆ ಕರಗಿ ಉರಿಯುತ್ತಾ ತೊಟ್ಟಿಕ್ಕುತ್ತದೆ. ಇಲಿ ಅದರಲ್ಲಿ ಸುರಂಗ ಕೊರೆಯುತ್ತದೆ.

ಇನ್ನೊಂದು. ಚಳಿ ನಮಗೆ ಎರಡು ತಿಂಗಳು, ಮಳೆ ನಾಲ್ಕು ತಿಂಗಳು. ಚಳಿಗೆ ಅಂತ ಪ್ಲಾಸ್ಟಿಕ್ ಹಾಳೆ ಬಿಗಿದು ಹೊಡೆದರೆ ಜುಲೈನಲ್ಲಿ ಅದರ ಮೇಲೆ ನೀರು ನಿಂತು ಪಕಾಸು ಕೊಳೆಯುತ್ತದೆ. ಒಳಗೆ ಬೂಸರು. ಏನು ಮಾಡಿದರೂ ಮೇ ತಿಂಗಳಲ್ಲಿ ಬಿಚ್ಚಿ ಇಡುವ ಹಾಗೆ ಮಾಡಿ. ಬಟ್ಟೆ ಅಥವಾ ಬಿದಿರಿನ ಚಾಪೆ ಸಾಕು. ಗಾಳಿ ನಿಲ್ಲಬೇಕು, ಅಷ್ಟೇ.

ಜೋನಿ ಬೆಲ್ಲ · ಸಂಜೆ 5:10

ವಿಷಯಕ್ಕೆ ಸಂಬಂಧ ಇಲ್ಲ, ಕ್ಷಮಿಸಿ. ಶಿರಸಿ ಕಡೆ ಬೆಚ್ಚಗಿನ ಜಾಗ ಒಂದೇ. ಆಲೆಮನೆ ಒಲೆಯ ಹಿಂದೆ. ಕೊಪ್ಪರಿಗೆ ಕುದಿಯುವಾಗ ಒಲೆಗೆ ಬೆನ್ನು ಕೊಟ್ಟು ಕೂತು, ಕೈಯಲ್ಲಿ ಕಬ್ಬಿನ ಹಾಲು ಹಿಡಿದರೆ, ಕುಡಿಯುವಾಗ ಹಲ್ಲು ತಂಪು, ಬೆನ್ನು ಬೆಂಕಿ.

ಯಲ್ಲಾಪುರದ ಅಕ್ಕ · ಸಂಜೆ 5:18

ಕಬ್ಬಿನ ಹಾಲಿನ ತಿಂಡಿ ತೊಡದೇವು ಬಿಟ್ಟೆಯಲ್ಲ!

ಚಾಲಿ ಕೆಂಪು · ಸಂಜೆ 5:40

ನಮ್ಮಲ್ಲಿ ಅಡಿಕೆ ಬೇಯಿಸುವ ಒಲೆ. ಸುಲಿಯಲು ಬಂದವರು ಮೆಟ್ಟುಗತ್ತಿ ಎತ್ತಿಕೊಂಡು ಒಬ್ಬೊಬ್ಬರೇ ಒಲೆ ಕಡೆ ಸರಿಯುತ್ತಾ, ರಾತ್ರಿ ಹತ್ತಕ್ಕೆ ನೋಡಿದರೆ ಎಲ್ಲರೂ ಒಂದೇ ಮೂಲೆಯಲ್ಲಿ. ಅಡಿಕೆ ರಾಶಿ ಇನ್ನೊಂದು ಮೂಲೆಯಲ್ಲಿ. ಅಪ್ಪಯ್ಯ ಬೈಯುತ್ತಾ ತಾನೂ ಅಲ್ಲೇ ಕೂರುತ್ತಿದ್ದರು.

ಕಡಲತಡಿ ಕಾರವಾರ · ಸಂಜೆ 5:52

ಚಳಿ ಇಲ್ಲದಿದ್ದರೂ ನನಗೀಗ ಕಷಾಯ ಬೇಕೆನಿಸುತ್ತಿದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು. ಮತ್ತೇನು ಹಾಕುತ್ತೀರಿ?

ಯಲ್ಲಾಪುರದ ಅಕ್ಕ · ಸಂಜೆ 6:00

ಹುರಿದು ಪುಡಿ ಮಾಡು, ಹಾಲು ಬೆಲ್ಲ ಹಾಕು. ಕಾರವಾರದವನಿಗೆ ಕಾಳುಮೆಣಸು ಕಡಿಮೆ ಸಾಕು.

ತೋಟದಂಚಿನ ಮಾಣಿ · ಡಿಸೆಂಬರ್ 20, ಬೆಳಿಗ್ಗೆ 5:05

ಊದುಬತ್ತಿ ಪರೀಕ್ಷೆ ಈಗಷ್ಟೇ ಮುಗಿಯಿತು. ಮೂರೂಮುಕ್ಕಾಲಕ್ಕೆ ಶುರು ಮಾಡಿದೆ. ಆಯಿ ಮಂಚದಲ್ಲಿ ಕೂತು, ದೇವರ ಮುಂದೆ ಒಂದು ದಿನ ಬತ್ತಿ ಹಚ್ಚದವನು ಇವತ್ತು ಗೋಡೆಗೆ ಆರತಿ ಎತ್ತುತ್ತಿದ್ದಾನೆ ಅಂತ ನಗುತ್ತಿದ್ದಳು.

ಕಿಟಕಿ: ಹೊಗೆ ನೆಟ್ಟಗೆ. ಅಂದರೆ ಪರದೆಗೆ ಕೊಟ್ಟ ದುಡ್ಡು ದಂಡ. ಬಾಗಿಲ ಹೊಸ್ತಿಲು: ಸ್ವಲ್ಪ ಒಳಗೆ ಬಾಗಿತು. ಗೋಡೆಯ ತಲೆ: ಏಣಿ ಹಾಕಿ ಹತ್ತಿದೆ. ಪಕಾಸುಗಳ ನಡುವೆ ಬತ್ತಿ ಹಿಡಿದರೆ ಹೊಗೆ ದಾರದ ಹಾಗೆ ಉದ್ದವಾಗಿ ಹೊರಗೆ ಎಳೆದುಕೊಂಡು ಹೋಯಿತು. ಕೈ ಹಾಕಿ ನೋಡಿದರೆ ಎರಡು ಬೆರಳು ಹೋಗುವ ಸಂದಿ, ಗೋಡೆ ಉದ್ದಕ್ಕೂ. ಮೊದಲು ಅಲ್ಲಿ ಮಣ್ಣು ತುಂಬಿದ್ದ ಗುರುತು ಇದೆ, ಉದುರಿ ಹೋಗಿದೆ.

ಕೊನೆಗೆ ಬೆಟ್ಟದ ಕಡೆಯ ಮೂಲೆ. ಅಲ್ಲಿ ಅಜ್ಜಿಯ ಕಾಲದ ಮರದ ಪೆಟ್ಟಿಗೆ ಇದೆ. ಅದರ ಪಕ್ಕ ಬತ್ತಿ ಇಳಿಸಿದೆ ನೋಡಿ, ಹೊಗೆ ನೆಲಕ್ಕೆ ಸಮ ಮಲಗಿಬಿಟ್ಟಿತು! ಪೆಟ್ಟಿಗೆ ಸರಿಸಿದರೆ ಗೋಡೆಯಲ್ಲಿ ಒಂದು ಗೇಣು ಅಗಲದ ಬೆಕ್ಕಿನ ಕಂಡಿ. ಸಣ್ಣವನಿದ್ದಾಗ ಅದರಲ್ಲಿ ಗೋಲಿ ಉರುಳಿಸಿದ್ದೆ. ಮರೆತೇ ಹೋಗಿತ್ತು.

ಈಗಲೇ ಇಟ್ಟಿಗೆ ಇಟ್ಟು ಮುಚ್ಚುತ್ತೇನೆ ಅಂದೆ. ಆಯಿ ಕೇಳಿದ್ದು ಒಂದೇ: "ಬೆಕ್ಕು ಎಲ್ಲಿಂದ ಬರವು ಹಂಗಾರೆ?"

ಹಲಗೆ ಮತ್ತು ಉಳಿ · ಬೆಳಿಗ್ಗೆ 6:10

ನೋಡಿ, ಕೆಳಗೆ ಕಂಡಿ, ಮೇಲೆ ಸಂದಿ. ಪೂರ್ತಿ ಹೊಗೆಗೂಡು! ಎರಡರಲ್ಲಿ ಒಂದು ಮುಚ್ಚಿದರೂ ಎಳೆತ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಮೇಲಿನದು ಮೊದಲು. ಚಿರೇಕಲ್ಲಿನ (ಜಂಬಿಟ್ಟಿಗೆ) ಚೂರು ಇಟ್ಟು, ಕರಡ (ಒಣ ಹುಲ್ಲು) ಕೊಚ್ಚಿ ಕಲಸಿದ ಅರಲು ಮಣ್ಣು ಮೆತ್ತಿ. ಸಿಮೆಂಟ್ ಬೇಡ, ಮಣ್ಣಿನ ಗೋಡೆ ಅದನ್ನು ಹಿಡಿಯುವುದಿಲ್ಲ, ಮರ ಆಡಿದಾಗ ಸೀಳು ಬಿಡುತ್ತದೆ.

ನಿವೃತ್ತ ಭೂಗೋಳ ಮೇಷ್ಟ್ರು · ಬೆಳಿಗ್ಗೆ 7:30

ಮೂರೂವರೆಗೇ ಯಾಕೆ ಅಂತ ಯಾರೂ ಕೇಳಲಿಲ್ಲ. ಮೋಡ ಇಲ್ಲದ ರಾತ್ರಿ ಬೆಟ್ಟದ ಮೈ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಭಾರವಾದದ್ದು ನೀರಿನ ಹಾಗೇ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಕಣಿವೆಯ ತೋಟದಲ್ಲಿ ಹೋಗಿ ನಿಲ್ಲುತ್ತದೆ. ಬೆಳಗಿನ ಮಂಜು ತೋಟದ ಮೇಲೆಯೇ ಕೂತಿರುವುದು ಅದಕ್ಕೆ. ನಿಮ್ಮ ಮನೆ ಬೆಟ್ಟಕ್ಕೂ ತೋಟಕ್ಕೂ ನಡುವೆ. ತಂಪಿನ ಹೊಳೆಗೆ ಅಡ್ಡ ಕಟ್ಟಿದ ಒಡ್ಡು ಇದ್ದ ಹಾಗೆ. ಒಡ್ಡಿನ ಬುಡದಲ್ಲಿ ತೂತು, ಅದೇ ನಿಮ್ಮ ಬೆಕ್ಕಿನ ಕಂಡಿ. ಕಿಟಕಿ ಎತ್ತರದಲ್ಲಿದೆ, ಆದ್ದರಿಂದ ಅಲ್ಲಿ ಹೊಗೆ ಅಲ್ಲಾಡಲಿಲ್ಲ.

ಕಾರವಾರದವರಿಗೆ ಒಂದು ಮಾತು. ಶಿರಸಿ ಸುಮಾರು 600 ಮೀಟರ್ ಎತ್ತರ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಎತ್ತರದಿಂದಲೇ ನಾಲ್ಕು ಡಿಗ್ರಿ ಹೋಯಿತು. ಅದರ ಮೇಲೆ ನಿಮಗೆ ಪಕ್ಕದಲ್ಲಿ ಸಮುದ್ರ ಅನ್ನುವ ದೊಡ್ಡ ಬಿಸಿನೀರಿನ ಹಂಡೆ ಇದೆ. ರಾತ್ರಿಯಲ್ಲೂ ಆರುವುದಿಲ್ಲ.

ಕಡಲತಡಿ ಕಾರವಾರ · ಬೆಳಿಗ್ಗೆ 7:41

ಮೇಷ್ಟ್ರೇ, ಪಾಠ ಒಪ್ಪಿದೆ. ಹಂಡೆಯ ನೀರು ಉಪ್ಪು ಅನ್ನುವುದೂ ಸೇರಿಸಿ.

ಬೆಂಗಳೂರಿನ ಕೂಸು · ಬೆಳಿಗ್ಗೆ 8:15

ಬೆಕ್ಕಿನ ಕಂಡಿಗೆ ಇಲ್ಲಿ ಸಿದ್ಧ ಬಾಗಿಲು ಸಿಗುತ್ತದೆ. ಬೆಕ್ಕು ತಳ್ಳಿದರೆ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಕಳಿಸಲಾ?

ಚಾಲಿ ಕೆಂಪು · ಬೆಳಿಗ್ಗೆ 8:20

ಅಷ್ಟು ದುಡ್ಡು ಯಾಕೆ ಭಾವ? ಹಳೆ ಲಾರಿ ಟ್ಯೂಬ್ ಕತ್ತರಿಸಿ ಮೇಲಂಚಿಗೆ ಪಟ್ಟಿ ಹೊಡೆಯಿರಿ. ಮಧ್ಯ ಒಂದು ಸೀಳು.

ಘಾಟಿ ಮೇಲಿನವ ಜೋಯಿಡಾ · ಬೆಳಿಗ್ಗೆ 8:33

ರಬ್ಬರ್ ವಾಸನೆಗೆ ಬೆಕ್ಕು ಹತ್ತಿರ ಬರುವುದಿಲ್ಲ. ಬರೆದಿಟ್ಟುಕೊಳ್ಳಿ.

ಕುಮಟಾ ಕಾಂಕ್ರೀಟ್ · ಬೆಳಿಗ್ಗೆ 8:50

ಬೆಕ್ಕಿಗೆ ಅಡುಗೆಮನೆ ಕಡೆಯಿಂದ ದಾರಿ ಮಾಡಿ, ಇದನ್ನು ಕಲ್ಲು ಇಟ್ಟು ಮುಚ್ಚಿ. ಇದರಲ್ಲಿ ಚರ್ಚೆ ಏನಿದೆ?

ಯಲ್ಲಾಪುರದ ಅಕ್ಕ · ಬೆಳಿಗ್ಗೆ 9:05

ಬೆಕ್ಕು ರಾತ್ರಿ ಬರುವುದು ಅಡುಗೆಮನೆಗೆ ಅಲ್ಲ ತಮಾ, ಆಯಿಯ ಹತ್ತಿರಕ್ಕೆ.

ತೋಟದಂಚಿನ ಮಾಣಿ · ಡಿಸೆಂಬರ್ 31, ರಾತ್ರಿ 9:15

ಹನ್ನೊಂದು ದಿನ ಆಯಿತು, ಸುದ್ದಿ ಹೇಳಬೇಕಲ್ಲ.

ಗೋಡೆಯ ತಲೆಗೆ ಚಿರೇಕಲ್ಲು ಚೂರು ಮತ್ತು ಅರಲು ಮಣ್ಣು. ನಾನೇ ಮೆತ್ತಿದೆ. ಎರಡು ದಿನ ಹಿಡಿಯಿತು. ಕುತ್ತಿಗೆ ಇನ್ನೂ ನೋಯುತ್ತಿದೆ. ಪಕಾಸಿನ ಕೆಳಗೆ ಆಯಿಯ ನಾಲ್ಕು ಹಳೆ ನೂಲಿನ ಸೀರೆ ಸೇರಿಸಿ ಹೊಲಿಸಿ, ಮೊಳೆಗೆ ಸಿಕ್ಕಿಸುವ ಹಾಗೆ ಕಟ್ಟಿದೆ. ಮೇ ತಿಂಗಳಲ್ಲಿ ಬಿಚ್ಚುತ್ತೇನೆ. ಬಲ್ಬು ಬಟ್ಟೆಗೆ ತಾಗದ ಹಾಗೆ ಗೋಡೆಗೆ ಇಳಿಸಿದೆ. ಹೊಸ್ತಿಲಿಗೆ ಹಳೆ ಪಂಚೆಯಲ್ಲಿ ಮರಳು ತುಂಬಿದ ಉದ್ದ ಚೀಲ. ಹಾಸಿಗೆಯಡಿ ಅಕ್ಕ ಹೇಳಿದ ಹಾಗೆ ಗೋಣಿ, ಪೇಪರ್, ಮೇಲೆ ಕಂಬಳಿ. ನನಗೆ ಜಾಸ್ತಿ ವ್ಯತ್ಯಾಸ ಕಂಡದ್ದು ಇದರಲ್ಲೇ ಅಂತ ಆಯಿ ಹೇಳುತ್ತಾಳೆ. ಬಡಗಿಯವರು ಬೇಸರ ಮಾಡಬಾರದು.

ಪೇಟೆಯಿಂದ ಒಂದು ಥರ್ಮಾಮೀಟರ್ ತಂದಿದ್ದೆ. ಕೆಲಸಕ್ಕೆ ಮೊದಲು ಬೆಳಗಿನ ಜಾವ ನಾಲ್ಕಕ್ಕೆ ಹೊರಗೆ 13, ಕೋಣೆಯಲ್ಲಿ 14 ಇತ್ತು. ನಿನ್ನೆ ಹೊರಗೆ 13, ಕೋಣೆಯಲ್ಲಿ 17. ಹೀಟರ್ ಮಲಗುವ ಮೊದಲು ಅರ್ಧ ಗಂಟೆ ಮಾತ್ರ. ಆಯಿ ಐದರವರೆಗೆ ನಿದ್ದೆ ಮಾಡುತ್ತಾಳೆ. ಐದಕ್ಕೆ ಏಳುವುದು ಚಳಿಗಲ್ಲ, ಅಭ್ಯಾಸಕ್ಕೆ.

ಕಂಡಿಯದು ಮಾತ್ರ ದೊಡ್ಡ ಕಥೆ. ಲಾರಿ ಟ್ಯೂಬ್ ಹೊಡೆದೆ. ಜೋಯಿಡಾದವರು ಹೇಳಿದ್ದೇ ಸರಿ, ಬೆಕ್ಕು ಎರಡು ರಾತ್ರಿ ಹೊರಗೆ ಕೂತು ಕೂಗಿತು. ಎರಡು ರಾತ್ರಿಯೂ ಆಯಿ ಎದ್ದು ಬಾಗಿಲು ತೆರೆದಳು. ಇದ್ದ ಬಿಸಿಯೆಲ್ಲ ಹೊರಗೆ. ಮೂರನೇ ದಿನ ಟ್ಯೂಬ್ ಕಿತ್ತು, ಹಳೆ ಕಂಬಳಿಯ ತುಂಡು ಎರಡು ಪದರ ಇಳಿಬಿಟ್ಟೆ. ಕಂಬಳಿ ಆಯಿಯದ್ದೇ, ಅವಳ ವಾಸನೆ ಇತ್ತು ಅನಿಸುತ್ತದೆ. ಬೆಕ್ಕು ಒಮ್ಮೆ ಮೂಸಿತು, ತಲೆ ತೂರಿಸಿತು, ಬಂತು.

ಘಾಟಿ ಮೇಲಿನವ ಜೋಯಿಡಾ · ರಾತ್ರಿ 9:22

ಬರೆದಿಟ್ಟುಕೊಳ್ಳಿ ಅಂದಿದ್ದೆ.

ನೈಟ್ ಡ್ಯೂಟಿ ಸಿಸ್ಟರ್ · ರಾತ್ರಿ 9:30

ಕಿಟಕಿಯ ಮೇಲಿನ ಗವಾಕ್ಷಿ ಪೂರ್ತಿ ಮುಚ್ಚಿಲ್ಲ ತಾನೇ? ಹಗಲು ಹನ್ನೊಂದರಿಂದ ಮೂರರವರೆಗೆ ಕಿಟಕಿ ತೆರೆದಿಡಿ, ಹಾಸಿಗೆ ಬಿಸಿಲಿಗೆ ಹಾಕಿ.

ತೋಟದಂಚಿನ ಮಾಣಿ · ರಾತ್ರಿ 9:34

ಮುಚ್ಚಿಲ್ಲ ಸಿಸ್ಟರ್. ಹಾಸಿಗೆಯನ್ನು ಬಿಸಿಲಿಗೆ ಅಡಿಕೆ ಒಣಗಿಸುವ ಅಟ್ಟದ ಮೇಲೆ, ಅಡಿಕೆಯ ಪಕ್ಕವೇ ಒಣ ಹಾಕುತ್ತಿದ್ದೇವೆ.

ಹಲಗೆ ಮತ್ತು ಉಳಿ · ರಾತ್ರಿ 9:40

ಬೇಸರ ಇಲ್ಲ ಮಾಣಿ. ಆದರೆ ಮಾರ್ಚ್‌ನಲ್ಲಿ ಹಂಚು ಕೈಯಾಡಿಸುವಾಗ ಒಂದು ಫೋನ್ ಮಾಡಿ. ಆ ಪಕಾಸಿನ ತುದಿ ನನಗೆ ನೋಡಬೇಕು. ಮಣ್ಣು ಸುಮ್ಮನೆ ಉದುರುವುದಿಲ್ಲ, ಗೆದ್ದಲು ಇರಬಹುದು.

ಕಡಲತಡಿ ಕಾರವಾರ · ರಾತ್ರಿ 11:58

ಎಲ್ಲರಿಗೂ ಹೊಸ ವರ್ಷದ ಶುಭಾಶಯ. ಈಗಷ್ಟೇ ಎದ್ದು ಫ್ಯಾನ್ 3ರಿಂದ 1ಕ್ಕೆ ಇಳಿಸಿದೆ. ಇದನ್ನು ಯಾರೂ ಚಳಿ ಅಂತ ಕರೆಯಬೇಡಿ.